ಬಸವನಹುಳುವಿನ ಊರಿನ ಐಲ್ಸಾ

ಸಿಡ್ನಿ ವಿಮಾನ ನಿಲ್ದಾಣ

ಪೆಟ್ಟಿಗೆ ತೆರೆದ ಅಧಿಕಾರಿಯ ಕೈಗೆ ಮೊದಲು ಸಿಕ್ಕಿದ್ದು ಬಿಳಿ ಪುಡಿಯ ಪೊಟ್ಟಣ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವನ್ನೂ ಫಾರಂನಲ್ಲಿ ಪ್ರಾಮಾಣಿಕವಾಗಿ ಬರೆದಿದ್ದೆ. ರಂಗೋಲಿ ಪುಡಿ ತಿನ್ನುವ ವಸ್ತುವೂ ಅಲ್ಲ, ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ ಎಂದು ಅದನ್ನು ಮಾತ್ರ ಬಿಟ್ಟಿದ್ದೆ. ಆತ ಪೊಟ್ಟಣವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಇದೇನು ಎಂದು ಕೇಳಿದ. ನೆಲದ ಮೇಲೆ ಹಾಕುವ ಪುಡಿ ಎಂದೆ. ಇರುವೆಗೋ ಎಂದ. ಅಲ್ಲ, ಚಂದಕ್ಕೆ ಎಂದೆ. ಇಪ್ಪತ್ತಾರು ವರ್ಷ ಮಂಗಳೂರಿನ ಕಾನೂನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು, ಎಂತೆಂಥ ಪಾಟೀಸವಾಲುಗಳನ್ನೋ ಕಂಡಿದ್ದೇನೆ. ಆದರೆ ಬೆಳಿಗ್ಗೆ ಬಿಡಿಸಿ ಮಧ್ಯಾಹ್ನದೊಳಗೆ ಕಾಲಡಿ ಅಳಿದುಹೋಗುವ ಚಿತ್ರವನ್ನು ಯಾಕೆ ಬಿಡಿಸುತ್ತೀರಿ ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಂದು ಚಿಟಿಕೆ ತೆಗೆದು ಅವನ ಸ್ಟೀಲ್ ಮೇಜಿನ ಮೇಲೆ ನಾಲ್ಕು ಚುಕ್ಕಿ ಇಟ್ಟು ಒಂದು ಹೂವು ಎಳೆದು ತೋರಿಸಿದೆ. ಆತ ತಲೆ ಓರೆ ಮಾಡಿ ನೋಡಿದ, ನಕ್ಕ, ಪೊಟ್ಟಣ ಹಿಂದಿರುಗಿಸಿದ. ಆಮೇಲೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿದ.

ಹೊರಗೆ ಬರುವ ದಾರಿಯಲ್ಲಿ ಯಾರದೋ ಕೈಯಿಂದ ಸ್ವಲ್ಪ ಕಾಫಿ ಚೆಲ್ಲಿತ್ತು. ಅಂಗೈ ಅಗಲದ ಆ ಕಲೆಯ ಪಕ್ಕದಲ್ಲಿ ಮೊಣಕಾಲೆತ್ತರದ ಹಳದಿ ಫಲಕ ನಿಂತಿತ್ತು: ಎಚ್ಚರಿಕೆ, ಒದ್ದೆ ನೆಲ. ನನಗೆ ನಗು ತಡೆಯಲಾಗಲಿಲ್ಲ. ಕರೆದೊಯ್ಯಲು ಬಂದಿದ್ದ ತಂಗಿ ಸುಮತಿಗೆ, "ಇವರು ನಮ್ಮ ಮಂಗಳೂರಿಗೆ ಬಂದ್ರೆ ಆಷಾಢದಲ್ಲಿ ಇಡೀ ಊರಿಗೇ ಒಂದು ಬೋರ್ಡು ನಿಲ್ಲಿಸ್ಬೇಕಾದೀತು ಮಾರಾಯ್ತಿ" ಎಂದೆ. ಸುಮತಿ ನಕ್ಕಳು. ಅವಳ ಗಂಡ ಪ್ರಕಾಶ ನಗಲಿಲ್ಲ. "ಇಲ್ಲಿ ಇದನ್ನೆಲ್ಲ ತುಂಬ ಸೀರಿಯಸ್ಸಾಗಿ ತಗೋತಾರೆ ಅಕ್ಕ" ಎಂದು ಪೆಟ್ಟಿಗೆಯನ್ನು ಕಾರಿಗೆ ಏರಿಸಿದ. ನನ್ನ ಆ ನಗುವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಎಪ್ಪಿಂಗ್, ಎರಡನೇ ಮಹಡಿ

ಸುಮತಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ನಾವು ಉಡುಪಿ ಕಡೆಯ ತುಳುವರಾದರೂ ಅವಳು ಕೈ ಹಿಡಿದದ್ದು ಬೆಂಗಳೂರಿನವನನ್ನು, ಹಾಗಾಗಿ ಮನೆಯ ಮಾತು ಕನ್ನಡ. ಅದೂ ಅರ್ಧ ಇಂಗ್ಲಿಷ್. ಹನ್ನೆರಡರ ಮಗಳು ಅನಘಾಳಿಗೆ ನಾವು ಹೇಳುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಎಪ್ಪಿಂಗ್‌ನ ಒಂದು ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಮೆಟ್ಟಿಲು ಮುಗಿಯುವ ಕಡೆ ಸಣ್ಣ ಜಾಗ, ಕಂದು ಬಣ್ಣದ ನುಣುಪು ಟೈಲ್ಸು, ಎದುರುಬದುರು ಎರಡು ಬಾಗಿಲು. ಒಂದು ನಮ್ಮದು, ಇನ್ನೊಂದು ಐಲ್ಸಾ ಅವರದು.

ಬೆಳಿಗ್ಗೆ ಐದಕ್ಕೆ ಎಚ್ಚರವಾಗುವ ನನಗೆ ಬಾಗಿಲ ಮುಂದೆ ಒಂದು ರಂಗೋಲಿ ಇಡದಿದ್ದರೆ ಹಲ್ಲುಜ್ಜದ ಹಾಗೆ ಆಗುತ್ತದೆ. ಬಂದ ಮರುದಿನವೇ ಒದ್ದೆ ಬಟ್ಟೆಯಲ್ಲಿ ಹೊಸ್ತಿಲ ಮುಂದಿನ ಟೈಲ್ಸು ಒರೆಸಿ ಸಣ್ಣದೊಂದು ಹೂವು ಬಿಡಿಸಿದೆ. ಎದುರು ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ, ನೆಟ್ಟಗೆ ನಿಂತ, ಬೆಳ್ಳಿ ಕೂದಲಿನ ಹೆಂಗಸು. ದಿನಾ ಏಳು ಗಂಟೆಗೆ ಪೇಪರ್ ತರಲು ಕೆಳಗೆ ಹೋಗುವುದು ಅವರ ರೂಢಿ. ಹೂವನ್ನು ನೋಡಿ ಏನೋ ಅಂದರು. ಸ್ಕಾಟ್ಲೆಂಡಿನ ಇಂಗ್ಲಿಷು, ಅದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ. ನನ್ನ ಇಂಗ್ಲಿಷಿನಲ್ಲಿ ಅರ್ಧ ಅವರಿಗೆ ಅರ್ಥವಾಗಲಿಲ್ಲ. ಹೀಗೆ ಸರಿಸಮವಾಗಿ ನಮ್ಮ ಸ್ನೇಹ ಶುರುವಾಯಿತು.

ಮೂರನೆಯ ದಿನ ಅವರ ಮನೆಯಲ್ಲಿ ಚಹಾ ಕುಡಿಯುತ್ತ ಹುಟ್ಟೂರು ಯಾವುದೆಂದು ಕೇಳಿದೆ. ಪೇಸ್ಲಿ ಅಂದರು. ನಾನು ಕಪ್ಪು ಕೆಳಗಿಟ್ಟು, "ಬಸವನಹುಳು!" ಎಂದು ಕೂಗಿದೆ. ಐಲ್ಸಾ ಕಣ್ಣರಳಿಸಿ ನೋಡಿದರು, ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಪ್ರಪಂಚದಲ್ಲಿ ವಕೀಲಿ ಓದಿದವರೆಲ್ಲ ಆ ಊರನ್ನು ಒಂದು ಹುಳುವಿನಿಂದ ಬಲ್ಲರು.

ಕಾನೂನು ಓದದವರಿಗಾಗಿ ಕಥೆ ಹೇಳುತ್ತೇನೆ. ಎಪ್ಪತ್ತೈದು ವರ್ಷಕ್ಕೂ ಹಿಂದೆ ಪೇಸ್ಲಿಯ ಒಂದು ಹೋಟೆಲಿನಲ್ಲಿ ಒಬ್ಬ ಬಡ ಹೆಂಗಸಿಗೆ ಅವಳ ಸ್ನೇಹಿತೆ ಶುಂಠಿಯ ಪಾನೀಯ ಕೊಡಿಸಿದಳು. ಒಳಗೇನಿದೆ ಎಂದು ಕಾಣದ ಬಾಟಲಿ. ಅರ್ಧ ಕುಡಿದು ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ತೇಲಿ ಬಂತಂತೆ. ಆಕೆ ಕಾಯಿಲೆ ಬಿದ್ದಳು. ಬಾಟಲಿ ಕೊಂಡವಳು ಆಕೆಯಲ್ಲ, ಹಾಗಾಗಿ ಹೋಟೆಲಿನವನ ಜೊತೆ ಆಕೆಗೆ ಒಪ್ಪಂದವಿಲ್ಲ. ಪಾನೀಯ ತಯಾರಿಸಿದವನಿಗಂತೂ ಆಕೆ ಯಾರೆಂದೇ ಗೊತ್ತಿಲ್ಲ. ಆದರೂ ಅವನು ಹೊಣೆಯೇ? ಲಂಡನ್ನಿನ ದೊಡ್ಡ ನ್ಯಾಯಪೀಠ ಹೌದು ಎಂದಿತು. ನನ್ನ ಕೆಲಸದಿಂದ ಯಾರಿಗೆ ಪೆಟ್ಟಾಗಬಹುದೋ, ಆ ಕೆಲಸ ಮಾಡುವಾಗ ಯಾರು ನನ್ನ ಮನಸ್ಸಿನಲ್ಲಿ ಇರಬೇಕಿತ್ತೋ, ಅವರೇ ಕಾನೂನಿನ ಕಣ್ಣಿನಲ್ಲಿ ನನ್ನ ನೆರೆಯವರು. ಮನೆ ಪಕ್ಕದಲ್ಲೇ ಇರಬೇಕೆಂದಿಲ್ಲ.

ನಾವು ಟಾರ್ಟ್ ಎನ್ನುವುದನ್ನು ಸ್ಕಾಟ್ಲೆಂಡಿನವರು ಡೆಲಿಕ್ಟ್ ಎನ್ನುತ್ತಾರೆ. ಮಾತು ಒಪ್ಪಂದದ್ದಲ್ಲ, ಅಪರಾಧದ್ದೂ ಅಲ್ಲ. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಕೆಡುಕಾದರೆ ಅದನ್ನು ಸರಿಪಡಿಸಿ ಕೊಡುವ ಋಣ ತಾನಾಗಿ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ನಾನು ಮಕ್ಕಳಿಗೆ ಮೂರು ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದೆ: ಎಚ್ಚರವಾಗಿರುವ ಕರ್ತವ್ಯ ಇತ್ತೇ? ಅದನ್ನು ಮೀರಿದೆಯಾ? ಪೆಟ್ಟು ಆ ಮೀರಿದ್ದರಿಂದಲೇ ಆಯಿತೇ? ಇದನ್ನು ಐಲ್ಸಾಗೆ ಹೇಳಿದರೆ ಅವರು, "ನಮ್ಮಮ್ಮ ನೂಲಿನ ಗಿರಣಿಯಲ್ಲಿದ್ದಳು. ಆ ಹುಳು ಇರಲೇ ಇಲ್ಲ ಅಂತ ಸಾಯೋವರೆಗೂ ವಾದಿಸುತ್ತಿದ್ದಳು" ಎಂದರು. ಅದೂ ನಿಜವಿರಬಹುದು. ಹುಳು ಇತ್ತೆಂದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ.

ಪ್ರತಿ ಭಾನುವಾರ ಐಲ್ಸಾ ಪೇಸ್ಲಿಯಲ್ಲಿದ್ದ ತಂಗಿಗೆ ಕೈಬರಹದಲ್ಲಿ ಕಾಗದ ಬರೆಯುತ್ತಿದ್ದರು. ನಲವತ್ತು ವರ್ಷದಿಂದ ಒಂದು ಭಾನುವಾರವೂ ತಪ್ಪಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದರು.

ಚೌತಿಯ ಬೆಳಿಗ್ಗೆ

ನಮ್ಮೂರಿನ ಮನೆಗಳಲ್ಲಿ ಜಗಲಿಗೆ ಒಂದಿಷ್ಟು ಇಳಿಜಾರು ಕೊಟ್ಟಿರುತ್ತಾರೆ. ಹಬ್ಬದ ದಿನ ಕೊಡಪಾನ ನೀರು ಸುರಿದರೂ ಗುಡಿಸಿದರೆ ಅಂಗಳಕ್ಕೆ ಹರಿದುಹೋಗುತ್ತದೆ. ಒರೆಸುವ ಮಾತೇ ಇಲ್ಲ, ಗಾಳಿ ಬಿಸಿಲು ನೋಡಿಕೊಳ್ಳುತ್ತವೆ. ನನ್ನ ಕೈಗೆ ಐವತ್ತು ವರ್ಷದಿಂದ ಗೊತ್ತಿರುವುದು ಅದು. ಚೌತಿಯ ದಿನ ಬರೀ ಬಟ್ಟೆಯಲ್ಲಿ ಒರೆಸಿ ಗಣಪತಿಯನ್ನು ಕರೆಯುವುದು ಹೇಗೆಂದು ಅರ್ಧ ಬಕೆಟ್ ನೀರು ತಂದು ಬಾಗಿಲ ಮುಂದೆ ಸುರಿದೆ. ಪೊರಕೆಯಲ್ಲಿ ತಳ್ಳಿದೆ. ಅಲ್ಲಿ ಇಳಿಜಾರಿಲ್ಲ, ಅಂಗಳವಿಲ್ಲ. ನೀರು ಸುಮ್ಮನೆ ಹರಡಿ ಗೋಡೆಯ ಬುಡದಲ್ಲಿ ನಿಂತಿತು. ಒಣಗುತ್ತದೆ ಬಿಡು ಎಂದುಕೊಂಡು, ಒಣಗಿದ ಮಧ್ಯಭಾಗದಲ್ಲಿ ದೊಡ್ಡ ಎಂಟು ಎಸಳಿನ ಕಮಲ ಬಿಡಿಸಿ ಒಳಗೆ ಹೋದೆ. ಗಂಟೆ ಆರೂ ಮುಕ್ಕಾಲು. ಏಳಕ್ಕೆ ಐಲ್ಸಾ ಹೊರಗೆ ಬರುತ್ತಾರೆಂದು ನನಗೆ ಗೊತ್ತಿತ್ತು. ಇದನ್ನು ನಾನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಗೊತ್ತಿತ್ತು.

ಕಡುಬಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದೆ. ಹೊರಗೆ ಸದ್ದಾಯಿತು.

ಐಲ್ಸಾ ಗೋಡೆಗೊರಗಿ ಕುಳಿತಿದ್ದರು. ಬಲಗೈ ಮಣಿಕಟ್ಟು ನೋಡಬಾರದ ರೀತಿಯಲ್ಲಿ ತಿರುಗಿತ್ತು. ಮುಖ ಸುಣ್ಣವಾಗಿತ್ತು. ನನ್ನನ್ನು ಕಂಡ ತಕ್ಷಣ ಅವರು ಹೇಳಿದ ಮೊದಲ ಮಾತು "ಸಾರಿ". ಈ ದೇಶದ ಜನ ರೈಲಿನಲ್ಲಿ ನಾವು ಕಾಲು ತುಳಿದರೂ ಅವರೇ ಸಾರಿ ಎನ್ನುವುದನ್ನು ನೋಡಿದ್ದೆ. ಬಿದ್ದವರೂ ಹಾಗೆನ್ನುತ್ತಾರೆಂದು ತಿಳಿದಿರಲಿಲ್ಲ.

ಸುಮತಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ನಾನು ಐಲ್ಸಾರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪ್ರಕಾಶ ಸ್ನಾನದ ಟವೆಲ್ ತಂದು ಗೋಡೆಯ ಬುಡದ ನೀರನ್ನೆಲ್ಲ ಒರೆಸಿದ. ಇನ್ಯಾರೂ ಜಾರಬಾರದೆಂದು ಒರೆಸುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಅವನು ರಂಗೋಲಿಯನ್ನೂ ಒರೆಸಿದ. ನನಗೆ ಅರ್ಥವಾಯಿತು. ನಾನು ಬಾಯಿ ತೆರೆಯಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆವು. ನಮ್ಮಲ್ಲಿ ಪೆಟ್ಟಾದವರನ್ನು ಬರಿಗೈಯಲ್ಲಿ ನೋಡಲು ಹೋಗುವುದಿಲ್ಲವಲ್ಲ, ಎರಡು ಕಿಲೋ ಕಿತ್ತಳೆ ಒಯ್ದೆ. ಕಾರಿನಲ್ಲಿ ಪ್ರಕಾಶ ಮೂರು ಸಲ ಹೇಳಿದ್ದ: "ಬೇಗ ಹುಷಾರಾಗಿ ಅಂತ ಹೇಳಿ ಅಕ್ಕ, ಸಾಕು. ನೀರಿನ ವಿಷ್ಯ ಎತ್ತಬೇಡಿ." ನಾನು ಬೇಗ ಹುಷಾರಾಗಿ ಎಂದೆ. ಐಲ್ಸಾ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಹಣ್ಣಿಗೆ ಥ್ಯಾಂಕ್ಸ್ ಎಂದರು.

ನಾಲ್ಕು ದಿನಕ್ಕೆ ಅವರ ಮಗಳು ಬಂದು ತನ್ನ ಮನೆಗೆ, ಮೆಲ್ಬರ್ನ್‌ನ ವೆರಿಬೀಗೆ, ಕರೆದುಕೊಂಡು ಹೋದಳು. ಎದುರು ಬಾಗಿಲು ಮುಚ್ಚಿಯೇ ಉಳಿಯಿತು. ಕಟ್ಟಡದ ವಿಮೆಯವರಿಂದ ಎಲ್ಲ ಮನೆಗಳಿಗೂ ಒಂದು ಫಾರಂ ಬಂತು. ನೆಲದ ಮೇಲೆ ನೀರು ಹೇಗೆ ಬಂತೆಂದು ನಿಮಗೆ ತಿಳಿದಿದೆಯೇ? ಪ್ರಕಾಶ ಊಟದ ಮೇಜಿನ ಮುಂದೆ ಕುಳಿತು 'ಇಲ್ಲ' ಎಂಬಲ್ಲಿ ಗುರುತು ಹಾಕಿದ.

"ಬಾಡಿಗೆ ಮನೆ ಅಕ್ಕ. ಇಲ್ಲೇ ಕಾಯಂ ಉಳಿಯೋಕೆ ಹಾಕಿರೋ ನಮ್ಮ ಪಿಆರ್ ಫೈಲ್ ಬೇರೆ ಇಮಿಗ್ರೇಷನ್ನವರ ಟೇಬಲ್ ಮೇಲಿದೆ. ಏನೂ ಆಗಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?"

ಕೊಡಲಾರೆ. ಪ್ರಕಾಶ ಕೆಟ್ಟವನಲ್ಲ, ಹೆದರಿದವನು. ಹೆದರಿಸಿದವಳು ನಾನು. ಆದರೆ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಅನಘಾ ತಲೆಯೆತ್ತಿ, "ಬಟ್ ದೊಡ್ಡಮ್ಮ, ಯು ಪೋರ್ಡ್ ದ ವಾಟರ್" ಎಂದಳು. ಪ್ರಕಾಶ ಫಾರಂ ಮಡಿಚಿ ಲಕೋಟೆಗೆ ಹಾಕಿದ. ಅವಳು ಪೆನ್ಸಿಲು ಇಟ್ಟು ರೂಮಿಗೆ ಹೋದಳು.

ಪ್ಯಾರಮಟ್ಟಾ

ವಿನ್ಸೆಂಟ್ ನನ್ನ ಹಳೆಯ ವಿದ್ಯಾರ್ಥಿ. ಮಂಗಳೂರಿನ ಕೊಂಕಣಿ ಕ್ರೈಸ್ತರ ಹುಡುಗ, ಈಗ ಪ್ಯಾರಮಟ್ಟಾದ ಒಂದು ವಕೀಲರ ಆಫೀಸಿನಲ್ಲಿದ್ದಾನೆ. ತಲೆಯಲ್ಲಿ ಅರ್ಧ ಕೂದಲಿಲ್ಲ, ಆದರೂ ನನ್ನನ್ನು ಕಂಡು ಎದ್ದು ನಿಂತ. ಬಸ್ಸಿಳಿದು ಅವನ ಆಫೀಸು ಹುಡುಕುವಾಗ ಮ್ಯಾಗ್‌ಪೈ ಎಂಬ ಕಪ್ಪುಬಿಳುಪು ಹಕ್ಕಿಯೊಂದು ನನ್ನ ತಲೆಗೇ ಎರಗಿ ಬಂದಿತ್ತು. ಮರಿ ಮಾಡುವ ಕಾಲದಲ್ಲಿ ಅವು ಹಾಗಂತೆ, ಅದಕ್ಕೂ ಮರಕ್ಕೆ ಒಂದು ಎಚ್ಚರಿಕೆಯ ಫಲಕ ಕಟ್ಟಿದ್ದರು. ಈ ಸಲ ನಗು ಬರಲಿಲ್ಲ.

ಎಲ್ಲವನ್ನೂ ಹೇಳಿದೆ.

"ಮೇಡಂ, ಮೂರು ಪ್ರಶ್ನೆ ನೀವೇ ಕಲಿಸಿದ್ದಲ್ವಾ. ನಾನೆಂತ ಹೇಳುದು?"

"ಉತ್ತರ ನಂಗೆ ಗೊತ್ತುಂಟು ವಿನ್ಸೆಂಟ್. ಮೂರಕ್ಕೂ ಹೌದು. ನಂಗೆ ಅವರ ಹತ್ರ ಹೋಗಿ ತಪ್ಪು ನನ್ನದು ಅಂತ ಹೇಳ್ಬೇಕು. ಹೇಳಿದ್ರೆ ತಂಗಿ ಮನೆಗೆ ಎಂತ ಆಗ್ತದೆ, ಅದು ಹೇಳು."

ಅವನು ಕನ್ನಡಕ ತೆಗೆದು ಒರೆಸಿದ. "ಇಲ್ಲಿ ಈಗ ಎರಡು ಮೂರು ವರ್ಷದ ಹಿಂದೆ ಹೊಸ ಕಾನೂನು ಬಂದಿದೆ ಮೇಡಂ. ಕ್ಷಮೆ ಕೇಳಿದ್ರೆ, ತಪ್ಪು ನಂದು ಅಂತ ಹೇಳಿದ್ರೂ ಸಹ, ಅದನ್ನು ಹೊಣೆ ಒಪ್ಪಿದ ಹಾಗೆ ಅಂತ ಕೋರ್ಟು ಹಿಡಿಯುದಿಲ್ಲ. ವಕೀಲರಿಗೆ ಹೆದರಿ ಜನ ಒಬ್ಬರಿಗೊಬ್ಬರು ಸಾರಿ ಹೇಳುದನ್ನೇ ಬಿಟ್ಟಿದ್ರು. ಅದಕ್ಕೇ ತಂದದ್ದು."

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಂದು ದೇಶ ಕ್ಷಮೆ ಕೇಳುವವರಿಗೆ ರಕ್ಷಣೆ ಕೊಡಲು ಕಾನೂನು ಮಾಡಿದೆ ಎಂಬುದು ನನ್ನ ಇಪ್ಪತ್ತಾರು ವರ್ಷದ ಯಾವ ಪಾಠದಲ್ಲೂ ಇರಲಿಲ್ಲ.

"ಆದ್ರೆ," ವಿನ್ಸೆಂಟ್ ತಡವರಿಸಿದ, "ಅವರೀಗ ಮೆಲ್ಬರ್ನ್‌ನಲ್ಲಿ ಅಲ್ವಾ. ವಿಕ್ಟೋರಿಯಾದ ಕಾನೂನು ಬೇರೆ. ಅಲ್ಲಿ ಮರುಕ ತೋರಿಸಿದ್ರೆ ಮಾತ್ರ ರಕ್ಷಣೆ. ತಪ್ಪು ನನ್ನದು ಅಂತ ಬಾಯಿಬಿಟ್ಟು ಹೇಳಿದ್ರೆ ಇಲ್ಲ. ಯಾವ ರಾಜ್ಯದ ನಿಯಮ ಹಿಡೀತಾರೆ ಅಂತ ಕಚ್ಚಾಡ್ಲಿಕ್ಕೆ ಜಾಗ ಉಂಟು. ಆದ್ರೆ ನಾನಾದ್ರೆ ರಿಸ್ಕು ತೆಗೊಳ್ಳುದಿಲ್ಲ. ಆಸ್ಪತ್ರೆಯಲ್ಲೇ ಹೇಳ್ಬೇಕಿತ್ತು ನೀವು."

ಆಸ್ಪತ್ರೆಯಲ್ಲಿ ಎರಡು ಕಿಲೋ ಕಿತ್ತಳೆ ಕೊಟ್ಟಿದ್ದೆ. ಎದ್ದು ಹೊರಟೆ. ವಿನ್ಸೆಂಟ್ ಲಿಫ್ಟಿನವರೆಗೂ ಬಂದ.

"ಹೋಗುದೇ ಅಂತಾದ್ರೆ ನನ್ನ ಅಕ್ಕ ಫ್ಲೇವಿಯಾ ವೆರಿಬೀಯಲ್ಲೇ ಇದ್ದಾಳೆ ಮೇಡಂ, ನರ್ಸು. ಅವಳ ಮನೆಯಲ್ಲಿ ಇರಿ. ಮರುಕ ಮಾತ್ರ ತೋರಿಸಿ ಬನ್ನಿ, ಆಯ್ತಾ?" ಎಂದ. ಗುರುವಿಗೆ ಶಿಷ್ಯ ಹೇಳಿದ ಬುದ್ಧಿ, ಸರಿಯಾದ ಬುದ್ಧಿಯೇ. ನಾನು ಕಲಿಸಿದ್ದನ್ನು ಅವನು ಚೆನ್ನಾಗಿ ಕಲಿತಿದ್ದ.

ಹಗಲು ರೈಲು

ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿಗೆ ರೈಲಿನಲ್ಲಿ ಇಡೀ ಹಗಲು ಹಿಡಿಯುತ್ತದೆ. ನನಗೆ ಆ ಹಗಲು ಬೇಕಿತ್ತು. ಮೆಲ್ಬರ್ನ್ ನೋಡಿ ಬರುತ್ತೇನೆಂದು ಹೇಳಿ ಹೊರಟೆ. ಸುಮತಿಗೆ ನಿಜ ತಿಳಿದಿತ್ತು, ಚಿತ್ರಾನ್ನದ ಡಬ್ಬಿ ಕೊಡುವಾಗ ಮುಖ ನೋಡಲಿಲ್ಲ.

ಪಕ್ಕದ ಸೀಟಿನ ಗಂಡಸು ನನ್ನ ಚಿತ್ರಾನ್ನದ ಒಗ್ಗರಣೆಯ ವಾಸನೆಗೆ ಮೂಗು ಅರಳಿಸಿದ. ಒಂದು ಚಮಚ ಕೊಟ್ಟೆ. ತಿಂದು ಕೆಮ್ಮಿ ಕಣ್ಣೊರೆಸಿಕೊಂಡು, ಸಾರಿ ಎಂದ. ಖಾರ ನನ್ನದು, ಸಾರಿ ಅವನದು! ಕಿಟಕಿಯಾಚೆ ಸಾಸಿವೆಯ ಜಾತಿಯ ಬೆಳೆಯೊಂದು ಕಣ್ಣಿಗೆ ಎಟುಕುವವರೆಗೂ ಹಳದಿ ಹೂ ಬಿಟ್ಟು ನಿಂತಿತ್ತು. ನೋಡಿದಲ್ಲೆಲ್ಲ ಹಳದಿ. ಆ ವಿಮಾನ ನಿಲ್ದಾಣದ ಫಲಕದ ಬಣ್ಣವೇ.

ನಾನು ಏನು ಮಾಡುತ್ತಿದ್ದೇನೆಂದು ನನ್ನನ್ನೇ ಕೇಳಿಕೊಂಡೆ. ಹೇಳಿದರೆ ತಂಗಿಯ ಸಂಸಾರಕ್ಕೆ ಪೆಟ್ಟು ಬೀಳಬಹುದು, ಅವರೂ ನನ್ನ ಮನಸ್ಸಿನಲ್ಲಿರಬೇಕಾದ ನೆರೆಯವರೇ ತಾನೆ? ಹೇಳದಿದ್ದರೆ ಒಂದು ಮುರಿದ ಕೈ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ, ಮತ್ತು ಹನ್ನೆರಡರ ಒಂದು ಮಗು ದೊಡ್ಡವರು ಹೀಗೆಯೇ ಎಂದು ಕಲಿಯುತ್ತದೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಕೊಟ್ಟು ಹತ್ತು ಅಂಕ ಇಡುತ್ತಿದ್ದೆ. ಉತ್ತರ ಬರೆಯಲಾಗದೆ ಪೆನ್ನು ಕಚ್ಚುತ್ತಿದ್ದವರ ಮೇಲೆ ಸಿಡುಕುತ್ತಿದ್ದೆ ಕೂಡ.

ವೆರಿಬೀ

ಭಾನುವಾರ ಚರ್ಚಿನಿಂದ ಬಂದ ಫ್ಲೇವಿಯಾ ನನ್ನನ್ನು ಐಲ್ಸಾರ ಮಗಳ ಮನೆಯ ಮುಂದೆ ಇಳಿಸಿ, "ನಾನು ಒಂದು ಗಂಟೆ ಬಿಟ್ಟು ಬರ್ತೇನೆ ಆಂಟಿ" ಎಂದು ಹೋದಳು. ಮಗಳು ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟು ಮಾರ್ಕೆಟ್ಟಿಗೆ ಹೊರಟಳು. ಐಲ್ಸಾ ಕಿಟಕಿಯ ಬಳಿ ಕುಳಿತಿದ್ದರು. ಕೈ ಪ್ಲಾಸ್ಟರಿನಲ್ಲಿ ಕುತ್ತಿಗೆಯಿಂದ ಇಳಿಬಿದ್ದಿತ್ತು. ಹತ್ತು ದಿನದಲ್ಲಿ ಹತ್ತು ವರ್ಷ ವಯಸ್ಸಾದಂತೆ ಕಂಡರು.

ದಾರಿಯುದ್ದಕ್ಕೂ ಕಟ್ಟಿಕೊಂಡ ಮಾತನ್ನು ಶುರು ಮಾಡುವ ಮೊದಲೇ ಅವರು, "ಒಳ್ಳೆಯ ಸಮಯಕ್ಕೆ ಬಂದಿರಿ. ಇವತ್ತು ಭಾನುವಾರ. ಹೋದ ವಾರದ ಕಾಗದ ತಪ್ಪಿಹೋಯಿತು. ಮಗಳು ಫೋನ್ ಮಾಡು ಅನ್ನುತ್ತಾಳೆ. ಕಾಗದವೇ ಬೇರೆ. ನಾನು ಹೇಳುತ್ತೇನೆ, ನೀವು ಬರೆಯುತ್ತೀರಾ?" ಎಂದರು.

ಪ್ಯಾಡು ಪೆನ್ನು ತೆಗೆದುಕೊಂಡೆ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಹೇಳುತ್ತ ಹೋದರು. ಹವೆಯ ಮಾತು, ಮೊಮ್ಮಗನ ಮಾತು. ಆಮೇಲೆ:

"ನಾನು ಹೇಗೆ ಬಿದ್ದೆ ಎಂದು ನೀನು ಮಗಳನ್ನು ಕೇಳಿದ್ದೆಯಂತೆ. ನಮ್ಮ ಎದುರು ಮನೆಗೆ ಇಂಡಿಯಾದಿಂದ ಒಬ್ಬರು ಬಂದಿದ್ದಾರೆ ಎಂದು ಬರೆದಿದ್ದೆನಲ್ಲ. ದಿನಾ ಬೆಳಿಗ್ಗೆ ಅವರು ನೆಲದ ಮೇಲೆ ಒಂದು ಹೂವು ಬಿಡಿಸುತ್ತಾರೆ. ಆ ದಿನ ತುಂಬ ದೊಡ್ಡದೊಂದು ಬಿಡಿಸಿದ್ದರು, ಬಾಗಿಲಿನಿಂದ ಮೆಟ್ಟಿಲಿನವರೆಗೆ. ಏನೋ ಹಬ್ಬವಿರಬೇಕು. ನನಗೆ ತುಳಿಯಲು ಮನಸ್ಸು ಬರಲಿಲ್ಲ. ಗೋಡೆಯ ಪಕ್ಕದಲ್ಲಿ ಸುತ್ತಿ ಹೋಗೋಣವೆಂದು ಕಾಲಿಟ್ಟೆ. ಅಲ್ಲಿ ನೀರಿತ್ತು. ಬೀಳುವಾಗ ಕೈ ತಾಗಿ ಒಂದು ಎಸಳು ಅಳಿಸಿತು."

ನನ್ನ ಪೆನ್ನು ನಿಂತಿತು. ಆ ದಿನದ 'ಸಾರಿ' ಯಾವುದಕ್ಕೆಂದು ಆಗ ತಿಳಿಯಿತು. ಎದುರಿನ ಅಕ್ಷರಗಳು ಮಸುಕಾದವು. ನನ್ನ ಕೈಬರಹದಲ್ಲೇ, ನಾನೇ ಬರೆದ ಸಾಕ್ಷಿ. ನನ್ನ ಹೂವಿಗೆ ಪೆಟ್ಟಾಗದಿರಲಿ ಎಂದು ಅವರು ಹೆಜ್ಜೆ ಬದಲಿಸಿದ್ದರು. ಅವರ ಕಾಲು ಎಲ್ಲಿ ಬೀಳುತ್ತದೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

"ನಿಲ್ಲಿಸಿದಿರೇಕೆ?" ಐಲ್ಸಾ ಕಣ್ಣು ತೆರೆದರು.

"ನೀರು ಸುರಿದದ್ದು ನಾನು. ನೀವು ಏಳಕ್ಕೆ ಬರುತ್ತೀರೆಂದು ಗೊತ್ತಿತ್ತು. ಒರೆಸದೆ ಒಳಗೆ ಹೋದೆ. ತಪ್ಪು ನನ್ನದು. ಆಸ್ಪತ್ರೆಯಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ಎರಡನೆಯ ತಪ್ಪು." ವಿನ್ಸೆಂಟ್ ಬೇಡವೆಂದ ಎಲ್ಲ ಮಾತನ್ನೂ ವಿಕ್ಟೋರಿಯಾ ರಾಜ್ಯದಲ್ಲಿ ಕುಳಿತು ಹೇಳಿದೆ.

ಅವರು ಮುಗುಳ್ನಗುತ್ತಾರೆ, ಪರವಾಗಿಲ್ಲ ಎನ್ನುತ್ತಾರೆ ಎಂದು ಒಳಗೊಳಗೆ ಆಸೆಯಿತ್ತು. ಐಲ್ಸಾ ನಗಲಿಲ್ಲ.

"ಗೊತ್ತು. ಮತ್ಯಾರು ಸುರಿಯಬೇಕು? ನೀವು ಆಸ್ಪತ್ರೆಗೆ ಬಂದಿರಿ. ಈಗ ಹೇಳುತ್ತೀರಿ ಎಂದು ಕಾದೆ. ಕಿತ್ತಳೆ ಇಟ್ಟು ಹೋದಿರಿ. ಒಂದೇ ಕೈಯಲ್ಲಿ ಕಿತ್ತಳೆ ಸುಲಿಯುವುದು ಹೇಗೆಂದು ನೋಡುತ್ತ ಮಲಗಿದ್ದೆ." ಪ್ಲಾಸ್ಟರಿನ ಕೈ ನೋಡಿಕೊಂಡು, "ಬಿದ್ದದ್ದಕ್ಕಿಂತ ಅದು ಹೆಚ್ಚು ನೋಯಿಸಿತು" ಎಂದರು.

ಅತ್ತುಬಿಟ್ಟೆ, ಮರೆಮಾಚದೆ. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ ಎಡಗೈಯಲ್ಲಿ ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿದರು.

ವಿಮೆಯವರಿಗೆ ಬರೆಯುತ್ತೇನೆ ಎಂದೆ. ಆದರೆ ನನ್ನೊಳಗಿನ ಮೇಷ್ಟರಮ್ಮ ಸುಮ್ಮನಿರಲಿಲ್ಲ. ಗಾಯಗೊಂಡವರದೂ ಒಂದಿಷ್ಟು ತಪ್ಪಿತ್ತು, ನಡೆಯುವ ದಾರಿ ಬಿಟ್ಟು ಗೋಡೆಯ ಬದಿಗೆ ಹೋದರು ಎಂದು ಎದುರು ಪಕ್ಷದವರು ವಾದಿಸಬಹುದು ಎಂದು ಎಚ್ಚರಿಸಿದೆ. "ಹಾಗಾದರೆ ಯಾಕೆ ಹೋದೆ ಎಂಬುದನ್ನೂ ನೀವೇ ಬರೆಯಿರಿ" ಎಂದರು ಐಲ್ಸಾ. ಅದೇ ಪ್ಯಾಡಿನ ಇನ್ನೊಂದು ಹಾಳೆಯಲ್ಲಿ ಬರೆದೆ. ನೀರು, ಹೊತ್ತು, ಗೋಡೆಯ ಬುಡ, ನನಗೆ ಗೊತ್ತಿದ್ದದ್ದು, ಅವರು ಹೆಜ್ಜೆ ಬದಲಿಸಿದ್ದರ ಕಾರಣ. ಕೆಳಗೆ ಸಹಿ ಹಾಕಿದೆ.

ಅಲ್ಲಿಂದಲೇ ಎಪ್ಪಿಂಗ್‌ಗೆ ಫೋನ್ ಮಾಡಿದೆ. ನನ್ನ ಕಾಗದ ಹೋದರೆ ಪ್ರಕಾಶನ ಫಾರಂ ಸುಳ್ಳಾಗುತ್ತದೆ, ಅದನ್ನು ಅವನಿಗೆ ಮೊದಲೇ ಹೇಳುವುದು ನ್ಯಾಯ. ಪ್ರಕಾಶ ಎಲ್ಲವನ್ನೂ ಕೇಳಿಸಿಕೊಂಡ.

"ಕಳಿಸ್ಬೇಡಿ ಅಕ್ಕ. ತಗೊಂಡ್ ಬನ್ನಿ. ನಾನು ಬೇರೆ ಫಾರಂ ಬರ್ದು ಜೊತೆಗೆ ನಾನೇ ಕೊಡ್ತೀನಿ," ಎಂದ. ಮತ್ತೆ, "ಅನಘಾ ನನ್ ಹತ್ರ ಸರಿಯಾಗಿ ಮಾತಾಡಿ ಎಷ್ಟು ದಿನ ಆಯ್ತು ಗೊತ್ತಾ? ನಿಮ್ ಮೇಲೆ ನಂಗೆ ಕೋಪ ಇದೆ. ಇರ್ಲಿ ಬಿಡಿ."

ನಾನು ಫೋನ್ ಇಟ್ಟು ಬಂದು ಪೇಸ್ಲಿಯ ತಂಗಿಗೆ ಹೋಗಬೇಕಾದ ಕಾಗದವನ್ನು ಪೂರ್ತಿ ಮಾಡಿದೆ. ಕೊನೆಯ ಸಾಲನ್ನು ಐಲ್ಸಾ 'ಇದನ್ನು ಬರೆದುಕೊಟ್ಟವರು ಆ ಎದುರು ಮನೆಯವರೇ' ಎಂದು ಹೇಳಿ ಬರೆಸಿದರು. ಹೊರಡುವಾಗ ಮೇಜಿನ ಮೇಲಿದ್ದ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು, ಸುಲಿದು, ಬೀಜ ತೆಗೆದು, ತೊಳೆ ತೊಳೆಯಾಗಿ ತಟ್ಟೆಯಲ್ಲಿಟ್ಟೆ. ಅವರು ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಮುಂದಿನ ಭಾನುವಾರ ಯಾರು ಬರೆಯುತ್ತಾರೆಂದು ಕೇಳಿದರು. ನಾನೇ ಎಂದೆ. ಮೂರು ಭಾನುವಾರ ವೆರಿಬೀಯಲ್ಲಿ ಫ್ಲೇವಿಯಾಳ ಮನೆಯಲ್ಲೇ ಉಳಿದು, ಆಮೇಲೆ ಸಹಿ ಹಾಕಿದ ಹಾಳೆಯನ್ನು ಒಯ್ದು ಪ್ರಕಾಶನ ಕೈಗಿಟ್ಟೆ. ನೋಡಬೇಕೆಂದುಕೊಂಡಿದ್ದ ಸಿಡ್ನಿಯ ಬಂದರು, ಸೇತುವೆ ಯಾವುದನ್ನೂ ನೋಡಲಿಲ್ಲ.

ಮಂಗಳೂರು

ಮನೆಗೆ ಬಂದು ಆರು ತಿಂಗಳಾಯಿತು. ವಿಮೆಯವರದೂ ಐಲ್ಸಾ ಮಗಳದೂ ಕಾಗದಪತ್ರ ನಡೆಯುತ್ತಿದೆ, ಸುಮತಿಯ ಮನೆಗೆ ಬಾಡಿಗೆ ಏಜೆಂಟನ ಎಚ್ಚರಿಕೆಯ ಪತ್ರ ಒಂದು ಬಂದಿದೆ. ಪಿಆರ್ ಇನ್ನೂ ಬಂದಿಲ್ಲ. ಐಲ್ಸಾರ ಬೆರಳುಗಳು ಪೆನ್ನು ಹಿಡಿಯುವಷ್ಟು ಮಡಿಚುತ್ತವೆ. ಮೊನ್ನೆ ನನಗೆ ಅವರ ಕೈಯಲ್ಲೇ ಬರೆದ ಕಾಗದ ಬಂತು, ಎರಡೇ ಸಾಲು, ಅಕ್ಷರಗಳು ಸೊಟ್ಟ.

ನಾನು ಈಗಲೂ ಬೆಳಿಗ್ಗೆ ಹೊಸ್ತಿಲು ತೊಳೆಯುತ್ತೇನೆ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಹೂವು ಬಿಡಿಸಿ ಪಕ್ಕದಲ್ಲಿ ಕಾಲಿಡಲು ಜಾಗ ಬಿಡುತ್ತೇನೆ. ಒಳಗೆ ಹೋಗುವುದಿಲ್ಲ, ಪೂರ್ತಿ ಒಣಗುವವರೆಗೆ ಬಟ್ಟೆ ಹಿಡಿದು ಅಲ್ಲೇ ನಿಂತಿರುತ್ತೇನೆ. ಮಲ್ಲಿಗೆ ತರುವ ಹೆಂಗಸು ಕೆಲವು ದಿನ ಇದನ್ನು ನೋಡಿ, ನಿನ್ನೆ ಕೇಳಿಯೇ ಬಿಟ್ಟಳು:

"ದಿನಾ ಯಾರನ್ನು ಕಾಯುದು ಟೀಚರ್?"

"ನಿನ್ನನ್ನೇ," ಎಂದೆ. "ಈಗ ಬಾ, ಒಣಗಿದೆ."